ಅಪ್ಪ ಕೇಳಿದ ಮೆಟ್ಟು

ಕಡೂರಿನ ಬಟ್ಟೆ ಅಂಗಡಿಯಲ್ಲಿ ಕೂತು ಮುಕ್ಕಾಲು ಗಂಟೆಯಾಗಿತ್ತು, ಮಲ್ಲಿಕಾಂಬಳಿಗೆ ಸಿಟ್ಟು ನೆತ್ತಿಗೇರಿತ್ತು. ಅಂಗಡಿಯವನದೇನೂ ತಪ್ಪಿಲ್ಲ. ಪಾಪ, ಶಾಲು ತೋರಿಸಪ್ಪಾ ಅಂದಿದ್ದಕ್ಕೆ ಇದ್ದಬದ್ದ ಶಾಲನ್ನೆಲ್ಲ ಹರಡಿದ್ದ. ಆದರೆ ಇನ್ನೊಂದು ಶಾಲು ಯಾರಿಗೆ ಬೇಕು? ಅಜ್ಜಂಪುರದಲ್ಲಿ ಅಪ್ಪನ ಟ್ರಂಕಿನಲ್ಲಿ ಹನ್ನೊಂದು ಶಾಲು ಬಿದ್ದಿವೆ, ಎಲ್ಲ ಸನ್ಮಾನದವು, ಒಂದರ ಮಡಿಕೆಯೂ ಬಿಚ್ಚಿಲ್ಲ. ಲಿಂಗ ಇಡೋದಕ್ಕೆ ಬೆಳ್ಳಿ ಕರಡಿಗೆ ಕೊಡೋಣವೆಂದರೆ ಕೊರಳಲ್ಲಿ ತಾತನ ಕಾಲದ್ದೇ ಇದೆ, ಅದನ್ನು ಬದಲಾಯಿಸು ಅಂದರೆ ಆತ ಒಪ್ಪುವ ಪೈಕಿಯಲ್ಲ. ರೇಡಿಯೋ ಇದೆ, ಟಿವಿ ಇದೆ. ಗುಂಡಿ ಒತ್ತಿದರೆ ತಲೆ ಎತ್ತುವ ಮಂಚವೂ ಬಂದಿದೆ.

ತಮ್ಮ ರುದ್ರಮೂರ್ತಿಗೆ ಫೋನು ಮಾಡಿದರೆ ಅವನದು ಒಂದೇ ರಾಗ. “ಅಪ್ಪಂಗೆ ಏನೂ ಬೇಡ ಕಣಕ್ಕಾ. ಸುಮ್ನೆ ಬಂದು ಊಟ ಮಾಡ್ಕಂಡು ಹೋಗು.”

ನಾಳೆ ಅಪ್ಪ ಶಿವಮೂರ್ತಪ್ಪನಿಗೆ ಎಂಬತ್ತು. ಹುಟ್ಟಿದ ದಿನ ಯಾವುದೆಂದು ಹೆತ್ತವಳಿಗೇ ನೆನಪಿರಲಿಲ್ಲ; ಶಾಲೆಗೆ ಸೇರಿಸಿಕೊಂಡ ಮೇಷ್ಟ್ರು ಇಡೀ ಕ್ಲಾಸಿಗೇ ಜೂನ್ ಒಂದು ಅಂತ ಬರೆದು ಕೈತೊಳೆದುಕೊಂಡಿದ್ದರು. ಆ ತಾರೀಕಿಗೆ ಈಗ ಕೇಕು, ಬಲೂನು, ಮಠದವರಿಗೆ ಕರೆ. ಇರಲಿ, ಮಾಡಲಿ. ಆದರೆ ಬದುಕಿರುವ ಮನುಷ್ಯನಿಗೆ ಏನೂ ಬೇಡ ಅಂದರೆ ಏನರ್ಥ? ತಮ್ಮನ ಮೇಲೆ ಎಷ್ಟು ಸಿಟ್ಟೋ ಅಪ್ಪನ ಮೇಲೂ ಅಷ್ಟೇ ಸಿಟ್ಟು ಬಂತು. ಶಾಲುಗಳನ್ನು ಅಲ್ಲೇ ಬಿಟ್ಟು ಎದ್ದಳು. ಬೀರೂರಿಗೆ ಹೋಗಿ ಅಲ್ಲಿ ಬಸ್ಸು ಬದಲಾಯಿಸಿ, ಮಧ್ಯಾಹ್ನದ ಹೊತ್ತಿಗೆ ಅಜ್ಜಂಪುರದಲ್ಲಿ ಇಳಿದಳು.

ಅಪ್ಪ ನಡುಮನೆಯ ಕುರ್ಚಿಯಲ್ಲಿ ಕೂತಿದ್ದ. ಒಗೆದ ಪಂಚೆ, ಹಣೆಗೆ ವಿಭೂತಿ, ಕ್ಷೌರ ಮಾಡಿಸಿದ ನುಣ್ಣನೆ ಗಲ್ಲ. ರುದ್ರನ ಹೆಂಡತಿ ಹೊತ್ತುಹೊತ್ತಿಗೆ ಊಟ, ಮಾತ್ರೆ ಕೊಡುತ್ತಾಳೆ, ಯಾರೂ ಬೆರಳು ತೋರಿಸುವಂತಿಲ್ಲ.

“ಅಪ್ಪಾ, ನಾಳಿಕ್ಕೆ ಏನ್ ತರ್ಲಿ ಹೇಳು.”

“ಏನೂ ಬೇಡವ್ವಾ.”

“ಬೇಡ ಬೇಡ ಅಂದೂ ಅಂದೂ ಎಲ್ರೂ ನಿನ್ನ ದೇವ್ರು ಮಾಡಿ ಮೂಲೇಲಿ ಕೂರ್ಸಿದಾರೆ. ಒಂದ್ಸಲ ಬೇಕು ಅನ್ನಪ್ಪಾ!” ಗದರಿಯೇ ಬಿಟ್ಟಳು.

ಅಪ್ಪ ಅಡುಗೆಮನೆ ಕಡೆ ನೋಡಿ ದನಿ ತಗ್ಗಿಸಿದ. ತಾನೇ ಕಟ್ಟಿಸಿದ ಮನೆಯಲ್ಲಿ ಆತ ದನಿ ತಗ್ಗಿಸಿದ್ದು ಕಂಡು ಅವಳು ಕುರ್ಚಿಯ ಹತ್ತಿರಕ್ಕೆ ಬಗ್ಗಿದಳು.

“ಕೇಳಿದ್ರೆ ಕೊಡ್ತೀಯಾ?”

“ಕೊಡ್ತೀನಿ.”

“ಒಂದ್ ಜೊತೆ ಮೆಟ್ಟು ತಂದ್ಕೊಡು.”

ಚಪ್ಪಲಿಯೇ? ಅವಳಿಗೆ ನಗು ಬಂತು. ಬಾಗಿಲ ಕಡೆ ತಿರುಗಿ ನೋಡಿದಳು. ಅಲ್ಲಿ ರುದ್ರನ ಶೂ, ಅವನ ಹೆಂಡತಿಯ ಚಪ್ಪಲಿ, ಮಗಳು ಸ್ಫೂರ್ತಿಯ ನಾಲ್ಕು ಜೊತೆ. ಅಪ್ಪನದು ಒಂದೂ ಇಲ್ಲ.

ಹಿತ್ತಲಲ್ಲಿ ಬಲೂನು ಊದುತ್ತಿದ್ದ ಸ್ಫೂರ್ತಿಯನ್ನು ಹಿಡಿದು ಕೇಳಿದಳು. “ಅಜ್ಜನ ಚಪ್ಪಲಿ ಎಲ್ಲೇ?”

“ಅಪ್ಪ ತೆಗೆದ್ಬಿಟ್ರಲ್ಲ ಅತ್ತೆ, ಎರಡು ವರ್ಷ ಆಯ್ತು. ಬರಿಗಾಲಲ್ಲಿ ಬೀದಿಗಿಳಿಯೋದು ಅಜ್ಜಂಗೆ ಅವಮಾನ. ಚಪ್ಪಲಿ ಇಲ್ದಿದ್ರೆ ಹೊಸ್ತಿಲು ದಾಟಲ್ಲ, ಬೀಗ ಹಾಕೋದಕ್ಕಿಂತ ಇದೇ ವಾಸಿ ಅಂದ್ರು.” ಹುಡುಗಿ ಬಲೂನಿಗೆ ಗಂಟು ಹಾಕುತ್ತ ಸೇರಿಸಿದಳು, “ನೀವೇ ಅಲ್ವಾ ಅತ್ತೆ, ಹೊರಗೆ ಬಿಡಬೇಡಿ ಅಂದಿದ್ದು?”

ಹೌದು, ಅವಳೇ. ಅಪ್ಪ ದಿನಾ ಸಂಜೆ ಸ್ಟೇಷನ್ನಿಗೆ ನಡೆದುಹೋಗಿ, ಗೆಳೆಯ ಬೆನಕಪ್ಪನ ಜೊತೆ ಬೆಂಚಿನ ಮೇಲೆ ಕೂತು ರೈಲು ನೋಡಿ ಬರುತ್ತಿದ್ದ. ಒಂದು ದಿನ ಹಳಿಯ ಹತ್ತಿರ ಜಾರಿ ಬಿದ್ದು ಮುಂಗೈ ಮೂಳೆ ಬಿರುಕು ಬಿಟ್ಟಿತು. ಮಲ್ಲಿಕಾಂಬ ಮಾರನೇ ದಿನ ಮೊದಲ ಬಸ್ಸಿಗೆ ಬಂದವಳೇ ಇಡೀ ಬೀದಿಗೆ ಕೇಳುವಂತೆ ಕೂಗಾಡಿದ್ದಳು: “ಇನ್ನೊಂದ್ಸಲ ಅಪ್ಪನ್ನ ಹೊರಗೆ ಬಿಟ್ರೆ ನಿನ್ನ ಮನೆ ಹೊಸ್ತಿಲು ತುಳಿಯಲ್ಲ ಕಣೋ ರುದ್ರಾ!” ಕೂಗಿ ಸಮಾಧಾನ ಮಾಡಿಕೊಂಡು ಸಂಜೆ ಬಸ್ಸಿಗೆ ಹೋಗಿದ್ದಳು, ಮರೆತೂ ಹೋಗಿದ್ದಳು. ಆಮೇಲೆ ಬಂದಾಗಲೆಲ್ಲ ಬಿಸ್ಕತ್ತು ತಂದಳು, ಹಣ್ಣು ತಂದಳು, ಅಪ್ಪ ಮೈಕೈ ತುಂಬಿಕೊಂಡಿದ್ದಾನೆ ಅಂತ ಊರಿಗೆಲ್ಲ ಹೇಳಿದಳು. ಬಾಗಿಲ ಬಳಿ ಚಪ್ಪಲಿ ಇಲ್ಲದ್ದು ಮಾತ್ರ ಕಣ್ಣಿಗೆ ಬೀಳಲಿಲ್ಲ. ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಅದಾಗದ ಸಿಟ್ಟಿಗೆ ಸೆರಗು ಸಿಕ್ಕಿಸಿ ಪೇಟೆಗೆ ನಡೆದಳು.

ಚಪ್ಪಲಿ ಹೊಲಿಯುವ ಈರಪ್ಪನಿಗೆ ಅಳತೆ ಬೇಕಾಗಲಿಲ್ಲ. “ಯಜಮಾನ್ರ ಬಲಗಾಲು ಎಡಗಾಲಿಗಿಂತ ಒಂದ್ ಬೆರಳು ಅಗಲ. ನಂಗೊತ್ತು ಬುಡಿ,” ಅಂದ. ಟೈರಿನ ಅಟ್ಟೆ ಹಾಕು, ಜಾರಬಾರದು ಅಂದಳು. ಹುಟ್ಟುಹಬ್ಬಕ್ಕೆ ಅಂದಾಗ ಅವನ ಕೈ ನಿಂತಿತು. “ಅಮ್ಮಾರೆ, ತಪ್ಪು ತಿಳ್ಕೋಬೇಡಿ. ನಾನು ಹೊಲಿಯೋನೇ ಹೇಳ್ತಾ ಇದೀನಿ. ಶುಭದ ದಿನ ಮೆಟ್ಟು ಯಾರೂ ಕೊಡಲ್ಲ. ನಾಳಿದ್ದು ಒಯ್ಯಿರಿ.”

“ನಾಲ್ಕು ಜನದ ಮುಂದೆ ಕೊಡ್ದೆ ನಾಳಿದ್ದು ಕೊಟ್ರೆ ನಾಳಿದ್ದೇ ಅಟ್ಟ ಸೇರ್ತವೆ. ನಾಳೆ ಬೆಳಿಗ್ಗೆ ಬತ್ತೀನಿ, ಹೊಲ್ದಿಡು.”

ರುದ್ರನಿಗೆ ಅಂದು ಸಂಜೆಯೇ ಹೇಳಿದಳು. ಕದ್ದುಮುಚ್ಚಿ ಮಾಡುವ ಜಾಯಮಾನ ಅವಳದಲ್ಲ. ಅವನು ಕೆಂಡವಾದ.

“ತಲೆ ಕೆಟ್ಟಿದ್ಯೇನೆ ಅಕ್ಕಾ ನಿಂಗೆ? ಮಠದೋರ ಎದುರಿಗೆ ಅಪ್ಪಂಗೆ ಚಪ್ಪಲಿ ಕೊಡ್ತೀಯಾ? ಜನ ಮುಖಕ್ಕೆ ಉಗೀತಾರೆ!”

“ಉಗೀಲಿ. ಎರಡು ವರ್ಷ ಕೂಡಿ ಹಾಕಿದ್ದಕ್ಕೆ ಯಾರೂ ಉಗೀಲಿಲ್ವಲ್ಲ.”

“ಕೂಡಿ ಹಾಕಿದ್ನಾ? ಅವತ್ತು ಹಳಿ ಪಕ್ಕದಿಂದ ಎತ್ಕೊಂಡು ಬಂದೋನು ನಾನು. ಒಂದೂವರೆ ತಿಂಗಳು ಸ್ನಾನ ಮಾಡಿಸಿ ತುತ್ತು ತಿನ್ನಿಸ್ದೋನು ನಾನು. ನೀನು ಬಂದೆ, ಬಾಯಿ ಮಾಡ್ದೆ, ಬಸ್ ಹತ್ದೆ. ನಾಳೆ ಬಿದ್ರೆ ಯಾರೇ ನೋಡೋರು?”

ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ರೇಗಿತು.

ಮಾರನೇ ದಿನ ನಾಲ್ಕು ಗಂಟೆಗೆ ನಡುಮನೆ ಭರ್ತಿಯಾಯಿತು. ಮಠದ ಕಡೆಯಿಂದ ಪಂಚಾಕ್ಷರಪ್ಪನವರು ಬಂದು ವಿಭೂತಿ ಹಚ್ಚಿ ಹರಸಿದರು. ಅಪ್ಪ ಕೇಕು ಕತ್ತರಿಸಿದ, ಸ್ಫೂರ್ತಿ ವಿಡಿಯೋ ಮಾಡಿದಳು. ಒಂದಾದ ಮೇಲೊಂದು ಶಾಲು ಹೊದಿಸಿದರು, ಜೂನ್ ತಿಂಗಳ ಸೆಕೆಯಲ್ಲಿ ಆತ ಬೆವರುತ್ತ ಕೂತ. ನಾಲ್ಕು ಶಾಲಾದವು. ಆಗ ಮಲ್ಲಿಕಾಂಬ ಹಳೇ ಪೇಪರು ಬಿಚ್ಚಿ ಚಪ್ಪಲಿಯನ್ನು ಅಪ್ಪನ ಕಾಲ ಬಳಿ ಇಟ್ಟಳು.

ಪಂಚಾಕ್ಷರಪ್ಪನವರು ಮುಖ ಪಕ್ಕಕ್ಕೆ ತಿರುಗಿಸಿದರು. ಯಾರೋ ಹೆಂಗಸು “ಶಿವಶಿವಾ” ಅಂದಳು.

“ಎತ್ತೇ ಅದನ್ನ!” ರುದ್ರ ಹಲ್ಲು ಕಚ್ಚಿ ಹೇಳಿದ.

“ಮುಟ್ಟಿ ನೋಡು,” ಅಂದಳು ಮಲ್ಲಿಕಾಂಬ.

ಅಪ್ಪ ಇಬ್ಬರನ್ನೂ ನೋಡಲಿಲ್ಲ. ಶಾಲುಗಳನ್ನು ಒಂದೊಂದಾಗಿ ತೆಗೆದು ಕುರ್ಚಿಯ ಮೇಲಿಟ್ಟ. ಬಲಗಾಲು ತೂರಿಸಿದ, ಚಪ್ಪಲಿಯ ಉಂಗುಟದೊಳಗೆ ಹೆಬ್ಬೆರಳು ಸರಿಯಾಗಿ ಕೂತಿತು. ಎಡಗಾಲು. ಎದ್ದು ನಿಂತ. ಬಂದವರು ತಾವಾಗಿಯೇ ದಾರಿ ಬಿಟ್ಟರು. ಹೊಸ್ತಿಲ ಆಚೆ ಮೂರು ಮೆಟ್ಟಿಲು. ಮೊದಲನೆಯದರಲ್ಲೇ ಆತ ಮುಗ್ಗರಿಸಿದ. ಮಲ್ಲಿಕಾಂಬ ಓಡಿಹೋಗಿ ಮೊಣಕೈ ಹಿಡಿದುಕೊಂಡಳು.

“ಒಬ್ನೇ ಬೇಡಪ್ಪಾ. ನಾನೂ ಬತ್ತೀನಿ.”

ಅಪ್ಪ ಕೈ ಕೊಡವಿದ. ಎರಡು ವರ್ಷದ ಸಿಟ್ಟು ಆ ಕೊಡವುವಿಕೆಯಲ್ಲಿತ್ತು. “ಬುಡು ಕೈಯ! ಕೇಳಿದ್ದು ಮೆಟ್ಟು. ಕಾವಲು ಕೇಳಿದ್ನಾ?”

ಅವಳು ಕೈ ಬಿಟ್ಟಳು. ಅಪ್ಪ ಗೋಡೆ ಹಿಡಿದು ಉಳಿದ ಮೆಟ್ಟಿಲಿಳಿದ, ಬೀದಿಗೆ ಬಂದ, ಸ್ಟೇಷನ್ ಕಡೆ ತಿರುಗಿದ. ನಡಿಗೆ ಒಂದು ಪಕ್ಕಕ್ಕೆ ವಾಲುತ್ತಿತ್ತು. ಹಿಂದಿನಿಂದ ಒಂದು ಬೈಕು ಹಾರನ್ ಹಾಕಿ ಬಳಸಿಕೊಂಡು ಹೋಯಿತು.

ರುದ್ರ ಬಾಗಿಲಿಗೆ ನುಗ್ಗಿದ. ಮಲ್ಲಿಕಾಂಬ ಅವನ ರಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದಳು.

“ಬಿಡೇ! ಬಿದ್ರೆ ನಿನ್ ತಲೆ ಮೇಲೆ!”

“ನನ್ ತಲೆ ಮೇಲೇ ಇರ್ಲಿ. ಒಂದ್ ಹೆಜ್ಜೆ ಆಚೆ ಇಡಬೇಡ.”

ಅಪ್ಪ ತಿರುವಿನ ತನಕ ಹೋದ. ತಮ್ಮ ಕೊಸರಾಡಿದಷ್ಟೂ ಅವಳು ಬಿಗಿಯಾಗಿ ಹಿಡಿದಳು, ಬೈದಳು, ಉಗುರು ಊರಿಸಿದಳು. ಒಳಗೊಳಗೇ ಮಾತ್ರ, ಇವನು ಗಂಡಸಲ್ಲವಾ, ನನ್ನ ಕೈ ಕಿತ್ತುಕೊಂಡು ಓಡಬಾರದಾ ಅಂತ ಬೇಡಿಕೊಳ್ಳುತ್ತಿದ್ದಳು.