ಹತ್ತನೆಯ ಗುಂಡು

"ತಲಿ ಎತ್ತಬ್ಯಾಡ ಈಶಪ್ಪ. ಹತ್ತನೇದು ನಾ ಹಾಕ್ತೀನಿ, ಅದು ಬಿದ್ದಮ್ಯಾಲೆ ಏಳು. ನನ್ನ ಮಾತು ಇದು."

ಕಾರ್ಗಿಲ್ ಯುದ್ಧದಲ್ಲಿ ಫಿರಂಗಿ ದಳದ ನೀಲಪ್ಪ ವೈರ್‌ಲೆಸ್ಸಿನಲ್ಲಿ ಹೀಗೆ ಮಾತು ಕೊಟ್ಟಿದ್ದ. ಅತ್ತ ಕಡೆ ಬೆಟ್ಟದ ನೆತ್ತಿಗೆ ತುಸು ಕೆಳಗೆ, ಬಂಡೆಗೆ ಅಂಟಿಕೊಂಡು ಮಲಗಿದ್ದವನು ಕಾಲಾಳು ಈಶಪ್ಪ. ಶತ್ರು ಕದ್ದು ಕೇಳಿದರೂ ತಿಳಿಯಬಾರದೆಂದು ಇಬ್ಬರಿಗೂ ಕನ್ನಡದಲ್ಲೇ ಮಾತಾಡಲು ಅಪ್ಪಣೆಯಾಗಿತ್ತು. ಹತ್ತು ಗುಂಡು ಬಿದ್ದ ಮೇಲೆ ಕಾಲಾಳುಗಳು ಎದ್ದು ನುಗ್ಗಬೇಕು. ಒಂಬತ್ತು ಬಿದ್ದವು. ಹತ್ತನೆಯದು ನಳಿಗೆಯಲ್ಲೇ ಸಿಕ್ಕಿಕೊಂಡಿತು. ಅಷ್ಟರಲ್ಲಿ ಬೆಟ್ಟದ ಮೇಲಿನ ಶತ್ರುಗಳು ಓಡಿಹೋದರೆಂದು ಸುದ್ದಿ ಬಂದು, ಗುಂಡು ನಿಲ್ಲಿಸಲು ಆಜ್ಞೆಯಾಯಿತು. ಈಶಪ್ಪನ ವೈರ್‌ಲೆಸ್ ಕೆಟ್ಟಿತ್ತು, ಇದ್ಯಾವುದೂ ಅವನಿಗೆ ಮುಟ್ಟಲಿಲ್ಲ. ಮುಖವನ್ನೇ ನೋಡದ ಗೆಳೆತನ ಅಲ್ಲಿಗೇ ನಿಂತಿತು.

ಇಪ್ಪತ್ತೈದು ವರ್ಷ ಕಳೆದು, ನೀಲಪ್ಪ ಬೆಂಗಳೂರಿನ ಪೀಣ್ಯದಲ್ಲಿ, ಕಾದ ಕಬ್ಬಿಣ ಬಡಿಯುವ ಫೋರ್ಜಿಂಗ್ ಕಾರ್ಖಾನೆಯೊಂದರ ಗೇಟಿನಲ್ಲಿ ಸೆಕ್ಯುರಿಟಿಯಾಗಿದ್ದ. ಒಂದು ಬೆಳಿಗ್ಗೆ ಹೆಂಗಸೊಬ್ಬಳು ಬಂದು ನಿಂತಳು.

"ಹತ್ತನೇದು ಬಾಕಿ ಇಟ್ಟ ನೀಲಪ್ಪ ಅಂದ್ರ ನೀವೇನ್ರಿ?"

ಅವಳು ಈಶಪ್ಪನ ಹೆಂಡತಿ ರುಕ್ಮವ್ವ. ಮಾಜಿ ಸೈನಿಕರ ವಾಟ್ಸಾಪ್ ಗುಂಪಿನಲ್ಲಿ ಹುಡುಕಿಸಿ, ಪಕ್ಕದ ಲಗ್ಗೆರೆಯಿಂದ ನಡೆದೇ ಬಂದಿದ್ದಳು.

"ನಮ್ಮನಿಯವರು ಇನ್ನೂ ಎದ್ದಿಲ್ರಿ ಅಣ್ಣಾರ."

"ಯಾವಾಗ ಮಲಗ್ಯಾರ?"

"ಕಾರ್ಗಿಲ್‌ನ್ಯಾಗ."

ಈಶಪ್ಪ ಅಂದಿನಿಂದ ಬಗ್ಗಿಕೊಂಡೇ ಬದುಕಿದ್ದ. ಬಗ್ಗಿಯೇ ತಾಳಿ ಕಟ್ಟಿದ. ಅತ್ತೆ-ಮಾವ ವಿನಯವಂತ ಅಳಿಯನೆಂದು ಹಿಗ್ಗಿದರು. ಬೋಲ್ಟ್ ಫ್ಯಾಕ್ಟರಿಯಲ್ಲಿ ನೆಲಕ್ಕೆ ಬಿದ್ದ ಬೋಲ್ಟುಗಳೆಲ್ಲ ಇವನ ಕಣ್ಣಿಗೇ ಬೀಳುತ್ತಿದ್ದುದರಿಂದ ಎರಡು ಸಲ ಉತ್ತಮ ಕಾರ್ಮಿಕ ಪ್ರಶಸ್ತಿ ಬಂತು. ಡಾಕ್ಟರು ಎಕ್ಸ್‌ರೇ ನೋಡಿ, ಬೆನ್ನು ನೆಟ್ಟಗೇ ಇದೆ, ಮನುಷ್ಯ ಮಾತ್ರ ಬಗ್ಗಿದ್ದಾನೆ ಎಂದರು.

"ಈಗೀಗ ಅಂಬೆಗಾಲಿಡಾಕತ್ತಾರ. ಹಿಂಗ ಬಿಟ್ರ ನೆಲಾನ ಹಿಡೀತಾರ್ರಿ," ರುಕ್ಮವ್ವನ ಕಣ್ಣು ತುಂಬಿತು.

"ಪಟಾಕಿ ಹಚ್ಚಿ ನೋಡೀರೇನ್?"

"ಹಚ್ಚಿದ್ವಿ. ಇದು ದೀಪಾವಳಿದು, ನಂದಲ್ಲ ಅಂದ್ರು."

ಹಿಂದೆ ಶೆಡ್ಡಿನಲ್ಲಿ ಎರಡು ಟನ್ನಿನ ಹ್ಯಾಮರ್ ಧಡ್ ಎಂದು ಬಿತ್ತು. ಗೇಟು ನಡುಗಿತು.

"ಇದು ಅವಗ ಕೇಳೂದಿಲ್ಲೇನ್?"

"ದಿನಾ ಕೇಳತೈತಿ. ಅದು ಆರ್ಡರ್ ಇಲ್ಲದ್ದು ಅಂತಾರ."

ನೀಲಪ್ಪನಿಗೆ ಆ ಮಾತು ಸರಿಯೆನಿಸಿತು. ನೇರ ಸೂಪರ್‌ವೈಸರ್ ಗುರುರಾಜ್ ಬಳಿ ಹೋದ.

"ಜಾಬ್ ಕಾರ್ಡ್ ಇಲ್ದೆ ಹ್ಯಾಮರ್ ಎತ್ತೋಕಾಗಲ್ಲ ಕಣ್ರೀ," ಎಂದು ಗುರುರಾಜ್ ಪೆನ್ನು ತೆಗೆದ. "ಐಟಂ?"

"ಹತ್ತನೇ ಗುಂಡು."

"ಕಸ್ಟಮರ್?"

"ಕಾಲಾಳು ದಳ."

"ಡೆಲಿವರಿ ಯಾವಾಗ?"

"ಇಪ್ಪತ್ತೈದು ವರ್ಷ ಲೇಟಾಗೈತಿ ಸಾರ್."

"ಅಷ್ಟೇನಾ? ನಮ್ ಗೇರ್ ಪಾರ್ಟಿಗೆ ನಾವು ಮಾಡಿರೋ ಲೇಟು ನೋಡಿದ್ರೆ ನೀವೇ ವಾಸಿ ಬಿಡಿ." ಸೀಲು ಬಿತ್ತು.

ಊಟದ ಬಿಡುವಿನಲ್ಲಿ ಉಳಿದ ಯಂತ್ರಗಳೆಲ್ಲ ಸುಮ್ಮನಾದವು. ಮನೆ ಸೇರಿದ್ದ ರುಕ್ಮವ್ವ ಫೋನ್ ಮಾಡಿ ಗಂಡನ ಕಿವಿಗೆ ಹಿಡಿದಳು.

"ನೀಲಪ್ಪ? ಗುರಿ ಅದ. ಒಂದು ಗುಂಡು." ದನಿಗೆ ವಯಸ್ಸಾಗಿತ್ತು. ಆದರೂ ಅದೇ ದನಿ.

"ಗುರಿ ಅದ. ಒಂದು ಗುಂಡು." ದಳದ ಪದ್ಧತಿಯಂತೆ ನೀಲಪ್ಪ ಆಜ್ಞೆಯನ್ನು ತಿರುಗಿ ಹೇಳಿದ.

ಹ್ಯಾಮರ್ ಮೇಲೇರಿ ಕೊಕ್ಕೆಗೆ ಕೂತಿತು. ಕರೆಂಟ್ ಹೋಯಿತು.

"ಬರಲಿಲ್ಲಲ್ಲೋ," ಎಂದಿತು ಫೋನು, ಅಳುವ ಹಾಗೆ.

"ಪೀಣ್ಯ ಅಂದ್ಮೇಲೆ ಇದ್ದಿದ್ದೇ. ಸಂಜೆ ನೋಡೋಣ, ಊಟ ಮಾಡಿ," ಗುರುರಾಜ್ ಡಬ್ಬಿ ಬಿಚ್ಚಿದ.

ನೀಲಪ್ಪ ಬಿಡಲಿಲ್ಲ. "ತಲಿ ಎತ್ತಬ್ಯಾಡ ಈಶಪ್ಪ, ಹಾಕ್ತೀನಿ!" ಎಂದು ಕೂಗಿ, ಏಣಿ ಹತ್ತಿ, ಕಬ್ಬಿಣದ ಸಲಾಕೆಯಿಂದ ಕೊಕ್ಕೆಗೆ ಬಲವಾಗಿ ಹೊಡೆದ.

"ಹೊಂಟೈತಿ!"

ಧಡ್!

ಗುರುರಾಜನ ಸಾರು ಅವನ ಅಂಗಿಯ ಮೇಲೆ ಚೆಲ್ಲಿತು. ಫೋನಿನಲ್ಲಿ ಮೊದಲು ತಗಡಿಗೆ ಏನೋ ಬಡಿದ ಸಪ್ಪಳ, ಒಂದು ಬೈಗುಳ, ಕೊನೆಗೆ ರುಕ್ಮವ್ವ.

"ನಿಂತಾರ್ರೀ ಅಣ್ಣಾರ! ಇಷ್ಟು ಎತ್ತರ ಅದಾರ ಅಂತ ನಂಗ ಗೊತ್ತ ಇರಲಿಲ್ಲ. ತಲಿ ಶೀಟಿಗೆ ಬಡದೈತಿ. ನಗಾಕತ್ತಾರ!"

"ಕ್ವಾಲಿಟಿ ಓಕೆನಾ?" ಅಂಗಿ ಒರೆಸಿಕೊಳ್ಳುತ್ತ ಗುರುರಾಜ್ ಕೇಳಿದ.

"ಓಕೆ ಸಾರ್."

ಹತ್ತನೆಯ ಗುಂಡು ಬಿದ್ದಿತ್ತು. ನೀಲಪ್ಪ ಮಾತು ಉಳಿಸಿಕೊಂಡ.