ರಾಮಕ್ಕನ ಗಾಂಧಾರ

ಕೆಂಪಯ್ಯ ಗಿಟಾರಿನ ಐದನೆಯ ತಂತಿಯನ್ನು ಸಡಿಲಿಸುತ್ತಿದ್ದಾಗ ರಾಮಕ್ಕ ನಡುಮನೆಯಿಂದ ಓಡಿ ಬಂದಳು. ಬೇಡ ಎಂದು ಕೂಗಿದಳು. ಗಂಟಲಿನಿಂದ ಬಂದದ್ದು ಬರೀ ಗಾಳಿ. ಜನರ ಗದ್ದಲದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಕೊನೆಗೆ ಮೈದುನನ ಮುಂಗೈಯನ್ನೇ ಹಿಡಿದುಕೊಂಡಳು.

"ಬಿಡಿ ಅತ್ತಿಗೆ," ಅಂದ ಕೆಂಪಯ್ಯ. ಅವನ ಕಣ್ಣುಗಳೂ ಕೆಂಪಾಗಿದ್ದವು. "ಅಣ್ಣ ಕೈಯಾರೆ ಮಾಡಿದ್ದು ಇದು. ಅವನ ಜೊತೇಲೇ ಮಣ್ಣಿಗೆ ಹಾಕೋಣ. ಹಿಂಗೇ ಎತ್ಕೊಂಡ್ ಹೋಗಕ್ಕಾಗಲ್ಲ, ತಂತಿ ಇಳಿಸಿ ಕಾಲು ಕಳಚಬೇಕು. ಇನ್ಮೇಲೆ ಯಾರು ಬಾರಿಸ್ತಾರೆ ಹೇಳಿ ಇದನ್ನ?"

ಸ್ಟೀಲ್ ಗಿಟಾರಿನ ಎಂಟು ತಂತಿಗಳಲ್ಲಿ ಐದು ಜೋತು ಬಿದ್ದಿದ್ದವು. ಬೆಳಗಿನಿಂದ ಗಂಡನ ತಲೆದೆಸೆಯಲ್ಲಿ ಕೂತಿದ್ದರೂ ಬಾರದಿದ್ದ ಅಳು ರಾಮಕ್ಕನಿಗೆ ಈಗ ಬಂತು.

"ನಾಲ್ಕು ವರ್ಷ ಕಣೋ," ಅಂದಳು ಪಿಸುದನಿಯಲ್ಲಿ.

"ಏನಂದ್ರಿ?"

ಬಾಗಿಲಲ್ಲಿ ನಿಂತಿದ್ದ ರೇವಣಸಿದ್ದಪ್ಪ ಮುಂದೆ ಬಂದ. ಹಾವೇರಿ ಕಡೆಯವನು; ಸತ್ತವನ ಪಕ್ಕದ ಲೇತಿನಲ್ಲಿ ಇಪ್ಪತ್ತು ವರ್ಷ ದುಡಿದವನು. "ಶ್ರುತಿ ಕೂಡಸಾಕ ನಾಕ್ ವರ್ಷ ಹಿಡದಿತ್ರೀ ಕೆಂಪಯ್ಯನೋರ," ಅಂದ. "ನೀವು ಒಂದ ಗಳಿಗ್ಯಾಗ ಬಿಚ್ಚಿಬಿಟ್ರಿ."

*

ರಾಮಕ್ಕನ ಗಂಡ ಚಿಕ್ಕಹನುಮಯ್ಯ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತಿನ ಮೇಲೆ ಲೋಹ ಕಡೆಯುವ ಟರ್ನರ್ ಆಗಿದ್ದವನು. ಸಂಗೀತ ಕಲಿತವನಲ್ಲ. ಹಾಡು ಎಂದರೆ ಅವನಿಗೆ ಹೆಂಡತಿಯ ಸೋಬಾನೆ, ಅಷ್ಟೇ. ಮಾರೇನಹಳ್ಳಿಯಲ್ಲಿ ಯಾರ ಮನೆಯ ಮದುವೆಯಾದರೂ ಹೆಣ್ಣನ್ನು ಹಸೆಗೆ ಕರೆಯುವುದಕ್ಕೆ ರಾಮಕ್ಕನೇ ಬರಬೇಕಿತ್ತು. ಎರಡು ಸಾವಿರದ ಇಸವಿಯಲ್ಲಿ ಅವಳ ಗಂಟಲಲ್ಲಿ ಗಡ್ಡೆ ಎದ್ದಿತು. ಅದು ದನಿಯ ನರಕ್ಕೇ ಅಂಟಿಕೊಂಡಿತ್ತು. ತೆಗೆಸಿದರು, ಜೀವ ಉಳಿಯಿತು, ದನಿ ಉಳಿಯಲಿಲ್ಲ. ಅಲ್ಲಿಂದಾಚೆ ರಾಮಕ್ಕ ಮದುವೆ ಮನೆಗಳಿಗೆ ಹೋಗುವುದನ್ನೇ ಬಿಟ್ಟಳು.

ಆ ವರ್ಷ ವಿಜಯನಗರದ ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲಿ ಒಬ್ಬ ಗಿಟಾರನ್ನು ಅಡ್ಡ ಮಲಗಿಸಿಕೊಂಡು, ತಂತಿಗಳ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸಿದ. ಚಿಕ್ಕಹನುಮಯ್ಯ ಮನೆಗೆ ಬಂದವನೇ ಚಪ್ಪಲಿಯನ್ನೂ ಬಿಡದೆ ಹೇಳಿದ: "ಅದು ಹಾಡ್ತದೆ ಕಣೇ. ಥೇಟು ಮನುಷ್ಯರ ಗಂಟಲಿನ ಥರಾನೇ. ನಿನ್ ಹಾಡು ಅದ್ರಲ್ಲಿ ಬರ್ತದೆ."

ಹಲಸಿನ ಹಲಗೆ ಹುಡುಕಿ ತಂದ. ಹಿತ್ತಾಳೆಯ ಬಿರಡೆಗಳನ್ನು ತಾನೇ ಲೇತಿನಲ್ಲಿ ಕಡೆದ. ಹಳೇ ಸ್ಕೂಟರುಗಳ ಮೂರು ಬ್ರೇಕ್ ಪೆಡಲುಗಳನ್ನು ಕೆಳಗೆ ಜೋಡಿಸಿ, ಸೈಕಲ್ ಬ್ರೇಕಿನ ವೈರಿನಿಂದ ತಂತಿಗಳಿಗೆ ಬಿಗಿದ. ಪೆಡಲ್ ತುಳಿದರೆ ತಂತಿ ಬಿಗಿಯಾಗಿ ಸ್ವರ ಮೇಲೇರುತ್ತಿತ್ತು; ಬಿಟ್ಟರೆ ಇಳಿಯುತ್ತಿತ್ತು. ಎಷ್ಟು ಏರಬೇಕೆಂಬುದನ್ನು ಒಂದು ಸ್ಕ್ರೂ ಹಿಡಿದಿಡುತ್ತಿತ್ತು. ಇದೆಲ್ಲ ಆರು ತಿಂಗಳ ಕೆಲಸ.

ಕಷ್ಟ ಶುರುವಾದದ್ದು ಆಮೇಲೆ. ವಾದ್ಯದ ಅಂಗಡಿಯವನು ಹೇಳಿಕೊಟ್ಟಂತೆ ಮೊದಲು ಶ್ರುತಿ ಮಾಡಿದ. ರಾಮಕ್ಕ ಕೇಳಿ ತಲೆಯಾಡಿಸಿದಳು: ಅಲ್ಲ. ರೇವಣಸಿದ್ದಪ್ಪ ಹಾರ್ಮೋನಿಯಂ ಹೊತ್ತು ತಂದ. ಅದಕ್ಕೆ ಸರಿಯಾಗಿ ಕೂಡಿಸಿದರೂ ಅಲ್ಲ. ಯಾವುದು ತಪ್ಪು ಎಂದರೆ ನಾಲ್ಕನೆಯ ತಂತಿಯನ್ನು ಮುಟ್ಟಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಸಾಸಿವೆಯಷ್ಟು ಜಾಗ ಬಿಟ್ಟು ತೋರಿಸುತ್ತಿದ್ದಳು.

"ಇದು ಸಣ್ಣ ಗಾಂಧಾರಾನೂ ಅಲ್ಲ, ದೊಡ್ಡ ಗಾಂಧಾರಾನೂ ಅಲ್ಲೋ ಮಾರಾಯಾ," ರೇವಣಸಿದ್ದಪ್ಪ ತಲೆ ಕೆರೆದುಕೊಂಡ. "ಹಾರ್ಮೋನಿಯಂದಾಗ ಇಂಥಾ ಸ್ವರದ ಮನೀನ ಇಲ್ಲ."

"ಅದ್ರಲ್ಲಿ ಇಲ್ದೇ ಇದ್ರೆ ಹೋಗ್ಲಿ ಬಿಡು," ಅಂದ ಚಿಕ್ಕಹನುಮಯ್ಯ. "ಇವಳ ಗಂಟಲಲ್ಲಿ ಇತ್ತಲ್ಲ."

ಪ್ರತಿ ಭಾನುವಾರ ಅದೇ ಕೆಲಸ. ಅವನು ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿ ತಂತಿ ಮೀಟುವನು. ಅವಳು ಅವರೆಕಾಯಿ ಸುಲಿಯುತ್ತಾ ತಲೆಯಾಡಿಸುವಳು. ಅವನು ಬೇಸರಪಟ್ಟವನಲ್ಲ. ಲೇತಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸಕ್ಕೆ ದಿನವಿಡೀ ಕಾದು ಅಭ್ಯಾಸವಿದ್ದವನು. ಮೂರನೆಯ ಪೆಡಲಿನಿಂದ ಬರುವ ಮೇಲಿನ ನಿಷಾದ ಬಹಳ ಸೊಗಸಾಗಿದೆಯೆಂದು ರೇವಣಸಿದ್ದಪ್ಪ ಹೊಗಳಿದ. ಮಾರನೆಯ ವಾರ ಬಂದು ನೋಡಿದರೆ ಆ ಪೆಡಲೇ ಇರಲಿಲ್ಲ.

"ಯಾಕ್ ಕಿತ್ತಿ?"

"ಚೆನ್ನಾಗೇನೋ ಇತ್ತು. ಆದ್ರೆ ಇವಳು ಯಾವತ್ತೂ ಅಲ್ಲಿಗೆ ಹೋಗ್ತಿರ್ಲಿಲ್ಲ."

ನಾಲ್ಕನೆಯ ವರ್ಷದ ಒಂದು ಭಾನುವಾರ ಅವನು ಮೊದಲ ಪೆಡಲ್ ತುಳಿದು ನಿಧಾನಕ್ಕೆ ಬಿಟ್ಟಾಗ ರಾಮಕ್ಕನ ಕೈ ನಿಂತಿತು. ಅರ್ಧ ಬಿಡಿಸಿದ ಕಾಯಿ ಕೈಯಲ್ಲೇ ಉಳಿಯಿತು. ಚಿಕ್ಕಹನುಮಯ್ಯ ಅವಳ ಮುಖ ನೋಡಿದ. ಮತ್ತೆ ಸ್ಕ್ರೂ ಮುಟ್ಟಲಿಲ್ಲ.

ಅಂದಿನಿಂದ ಮೂರು ವರ್ಷ, ನಿನ್ನೆ ಸಂಜೆಯವರೆಗೂ, ಅವನು ಅವಳಿಗೊಬ್ಬಳಿಗೇ ನುಡಿಸಿದ. ನೀನೂ ಬಾರಿಸು ಎಂದರೆ ಅವಳು ಒಲ್ಲೆ ಅನ್ನುತ್ತಿದ್ದಳು.

*

ರಾಮಕ್ಕ ಕಣ್ಣೊರೆಸಿಕೊಂಡು ಗಿಟಾರಿನ ಮುಂದಿನ ಸ್ಟೂಲಿನ ಮೇಲೆ ಕೂತಳು. ಮೊದಲ ಬಿರಡೆಗೆ ಕೈ ಹಾಕಿದಳು.

"ಹೊತ್ತಾಗ್ತಾ ಇದೆ ಅತ್ತಿಗೆ, ಎಲ್ಲಾ ಕಾಯ್ತಾ ಇದಾರೆ," ಅಂದ ಕೆಂಪಯ್ಯ.

"ಕಾಯ್ಲಿ ತಡೀರಿ," ಅಂದ ರೇವಣಸಿದ್ದಪ್ಪ. "ಅಕ್ಕಾರ, ಹಾರ್ಮೋನಿಯಂ ತರ್ಲೇನ್ರೀ?"

ಅವಳು ಬೇಡವೆಂದು ತಲೆಯಾಡಿಸಿದಳು. ತಂತಿಯನ್ನು ಬಿಗಿದು ಮೀಟಿದಳು, ಕಿವಿಗೊಟ್ಟಳು, ಒಂದಿಷ್ಟು ಇಳಿಸಿದಳು. ನಾಲ್ಕನೆಯ ತಂತಿ ಬಹಳ ಸತಾಯಿಸಿತು. ಒಮ್ಮೆ ಹತ್ತಿರ ಬಂದು ತಪ್ಪಿಹೋಯಿತು. ಹಜಾರದಲ್ಲಿ ಮಾತು ಒಂದೊಂದಾಗಿ ನಿಂತಿತು. ರಾಮಕ್ಕ ಇನ್ನೊಮ್ಮೆ ಬಿರಡೆ ತಿರುಗಿಸಿ, ಪೆಡಲ್ ತುಳಿದು ಬಿಟ್ಟಳು.

ಇದೇ.

ಉಕ್ಕಿನ ತುಂಡನ್ನು ಎತ್ತಿಕೊಂಡಳು. ಜಾರಿಸಿದಾಗ ಅದು ತಂತಿಗೆ ತಾಗಿ ಕಿರ್ರೆಂದಿತು. ಎರಡನೆಯ ಸಲ ಸ್ವರ ಹೊರಟಿತು. ತಡವರಿಸುತ್ತಾ, ಆದರೆ ದಾರಿ ತಿಳಿದೇ ಹೊರಟಿತು.

"ಅಯ್ಯೋ, ಸಾವಿನ ಮನೇಲಿ ಸೋಬಾನೇನಾ?" ಅಂದಳು ಒಬ್ಬಾಕೆ.

"ಸುಮ್ನಿರೇ," ಪಕ್ಕದ ಮುದುಕಿ ಗದರಿದಳು. "ನನ್ ಮಗಳನ್ನ ಹಸೆಗೆ ಕರೆದ ದನಿ ಕಣೇ ಅದು. ರಾಮಕ್ಕನ್ ದನಿ."

ಆ ಮುದುಕಿಯೇ ಮೊದಲು ಸೊಲ್ಲು ಹಿಡಿದಳು. ಹಿಂದೆ ರಾಮಕ್ಕನ ಬೆನ್ನಿಗೆ ನಿಂತು ಹಾಡುತ್ತಿದ್ದ ನಾಲ್ಕಾರು ಹೆಂಗಸರು ಸೆರಗಿನಿಂದ ಮೂಗೊರೆಸಿಕೊಂಡು ದನಿಗೂಡಿಸಿದರು.

ಹೊರಗೆ ಚಟ್ಟ ಸಿದ್ಧವಾಗಿತ್ತು. ತಮಟೆಯವರು ಹುಲ್ಲಿನ ಬೆಂಕಿಗೆ ತಮಟೆ ಕಾಯಿಸಿಕೊಂಡು ಎದ್ದು ನಿಂತಿದ್ದರು. ಮುಂದಿದ್ದವನು ಬಡಿಯಲು ಕೋಲೆತ್ತಿದವನು, ಕಿಟಕಿಯ ಕಡೆ ತಿರುಗಿ ನೋಡಿ ಕೋಲಿಳಿಸಿದ. ಬಿಸಿ ತಮಟೆಯ ಮೇಲೆ ಅಂಗೈ ಊರಿ ಹಾಗೇ ನಿಂತ.