ರಮಾನಂದರ ಚಲಾವಣೆಯಿಲ್ಲದ ಕೋಟಿಗಳು

ರಮಾನಂದರು ನಮ್ಮ ಮಾತನ್ನು ಒಪ್ಪುವಾಗಲೂ ‘ಹಾಗಲ್ಲ ಅದು’ ಎಂದೇ ಶುರುಮಾಡುತ್ತಾರೆ. ಹೊರಗೆ ಹಿಮ ಬೀಳುತ್ತಿದೆ ಎಂದರೆ ‘ಹಾಗಲ್ಲ ಅದು, ಹಿಮ ಬೀಳ್ತಿದೆ’ ಎನ್ನುವ ಈ ಮನುಷ್ಯನೊಡನೆ ವರ್ಷಗಟ್ಟಲೆ ಒಂದೇ ಕಚೇರಿಯಲ್ಲಿ ದುಡಿದು, ಸ್ವೀಡನ್ನಿನ ಸುಂಡ್‌ಬೀಬರ್ಯ್ ಊರಿನ ಒಂದೇ ಬೀದಿಯಲ್ಲಿ ಬಾಡಿಗೆಗಿದ್ದೂ ನಾನು ಸ್ವಸ್ಥಚಿತ್ತನಾಗಿ ಉಳಿದಿರುವುದು ನನಗೇ ಸೋಜಿಗ. ಬೇಸಗೆಯಲ್ಲೂ ಬಿಡದ ಕಂದು ಕೋಟು, ಮೆಟ್ರೋ ಬಾಗಿಲು ಮುಚ್ಚುತ್ತಿದ್ದರೂ ತ್ವರೆಯರಿಯದೆ ನೆಲವನ್ನು ಪರೀಕ್ಷಿಸುವಂಥ ಆ ನಡಿಗೆ, ಇವನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಅವರ ನೋಟುಗಳು.

ಅವರ ಮುತ್ತಜ್ಜ ಬಣ್ಣಗಳ ರಸಾಯನಶಾಸ್ತ್ರ ಕಲಿಯಲು ಜರ್ಮನಿಗೆ ಹೋಗಿದ್ದರಂತೆ. ಕೋಟಿ ಮಾರ್ಕಿನ ನೋಟಿಗೂ ಬ್ರೆಡ್ಡು ಸಿಗದ ಹಣದುಬ್ಬರದ ಕಾಲ. ಒಯ್ದ ಹಣವನ್ನೆಲ್ಲ ಮೊದಲೇ ಮಾರ್ಕಾಗಿ ಬದಲಾಯಿಸಿಕೊಂಡಿದ್ದ ಅವರು ಓದನ್ನು ಅರ್ಧಕ್ಕೆ ಬಿಟ್ಟು, ಒಂದೇ ಮಗ್ಗುಲಿಗೆ ಅಚ್ಚಾದ ಆ ಕಾಗದಗಳ ಕಟ್ಟಿನೊಡನೆ ಮೈಸೂರಿಗೆ ಮರಳಿದರು. ಈಗ ಆ ಕಟ್ಟು ಸ್ವೀಡನ್ನಿನಲ್ಲಿ, ಮನೆಮಂದಿಯ ಪಾಸ್‌ಪೋರ್ಟುಗಳ ಜೊತೆ ಒಂದೇ ಫೈಲಿನಲ್ಲಿದೆ. ಕಚೇರಿಯಲ್ಲಿ ಫೀಕಾ ಎಂಬ ಕಾಫಿ ವಿರಾಮದ ಹೊತ್ತಿಗೆ ರಮಾನಂದರು ಅದನ್ನು ಬಿಚ್ಚಿದರೆಂದರೆ ಸ್ವೀಡಿಷ್ ಸಹೋದ್ಯೋಗಿಗಳು ವಿನಯದಿಂದ ಕಾಫಿ ಮುಗಿಸಿ ಏಳುತ್ತಾರೆ, ಉಳಿಯುವವನು ನಾನೊಬ್ಬ.

ಕಳೆದ ಫೆಬ್ರುವರಿಯ ಒಂದು ಶನಿವಾರ ಬೆಳಿಗ್ಗೆ ಅವರ ಕಟ್ಟಡದ ಮೆಟ್ಟಿಲಲ್ಲಿ ಹೊಗೆ ತುಂಬಿ ಅಪಾಯದ ಗಂಟೆ ಹೊಡೆಯಿತು. ಎದುರು ಮನೆಯವನಾದ ನಾನು ಓಡಿಹೋದಾಗ, ರಮಾನಂದರ ಪತ್ನಿ ಜಾನಕಿ ಹಿಮದಲ್ಲಿ ನಿಂತಿದ್ದರು. ಪಕ್ಕದಲ್ಲಿ ಆರು ವರ್ಷದ ಮಗಳು ಅವನಿ, ಬರೀ ಕಾಲುಚೀಲದಲ್ಲಿ. ಬಹಳ ಹೊತ್ತಾದ ಮೇಲೆ ರಮಾನಂದರು ಫೈಲನ್ನು ಎದೆಗವಚಿಕೊಂಡು, ಎಂದಿನ ನಡಿಗೆಯಲ್ಲೇ ಹೊರಬಂದರು.

“ರೀ, ಮಗು ಕಾಲಿಗೆ ಬೂಟಿಲ್ಲ. ನೀವು ಹಿಡ್ಕೊಂಡ್ ಬಂದಿದ್ದು ಇದನ್ನಾ?” ಜಾನಕಿಯ ದನಿ ಏರಲಿಲ್ಲ.

“ಹಾಗಲ್ಲ ಅದು. ನಿಮಗೆ ಕಾಲಿದೆ, ಇಳಿದು ಬರ್ತೀರ. ಇದಕ್ಕೆ ಯಾರಿದಾರೆ?”

ಅಪ್ಪನಿಗೆ ತನ್ನ ನೆನಪಾಗಲಿಲ್ಲವೇ ಎಂದು ಅವನಿ ತಾಯಿಯನ್ನು ಸ್ವೀಡಿಷ್‌ನಲ್ಲಿ ಕೇಳಿದಳು. ಅಷ್ಟು ಸ್ವೀಡಿಷ್ ರಮಾನಂದರಿಗೂ ಬರುತ್ತದೆ. ಅವರು ಫೈಲಿನ ಮೇಲೆ ಬಿದ್ದ ಹಿಮವನ್ನು ಕೋಟಿನ ತೋಳಿನಿಂದ ಒರೆಸತೊಡಗಿದರು.

ಹೊಗೆ ಬಂದದ್ದು ಕೆಳಮನೆಯವರ ಸೀದ ಪಾತ್ರೆಯಿಂದ. ಆದರೂ ಜಾನಕಿ ಮಗಳೊಂದಿಗೆ ನಮ್ಮ ಮನೆಗೇ ಬಂದುಬಿಟ್ಟರು. ಸೋಮವಾರ ರಮಾನಂದರು ಬಂದು, ನೋಟುಗಳನ್ನು ನೆಲಮಾಳಿಗೆಯ ಉಗ್ರಾಣಕ್ಕೆ ಹಾಕಿರುವುದಾಗಿ ತಿಳಿಸಿ, ಬಾಗಿಲಲ್ಲೇ ನಿಂತರು. ಜಾನಕಿ ಪಾಸ್‌ಪೋರ್ಟುಗಳನ್ನು ಕೇಳಿ ಪಡೆದು ತಮ್ಮ ಚೀಲಕ್ಕೆ ಹಾಕಿಕೊಂಡೇ ಮನೆಗೆ ಹೊರಟದ್ದು.

ಈಗ ಭಾನುವಾರವಾದರೆ ರಮಾನಂದರು ನೆಲಮಾಳಿಗೆಗೆ ಇಳಿದು ಕಾಗದಕ್ಕೆ ತೇವ ತಾಗಿದೆಯೇ ಎಂದು ನೋಡಿಬರುತ್ತಾರೆ. ಟಾರ್ಚು ಹಿಡಿಯಲು ನಾನು. ಅವನಿ ರಸ್ತೆ ದಾಟುವಾಗ ತಾಯಿಯ ಕೈಯನ್ನಷ್ಟೇ ಹುಡುಕುತ್ತಾಳೆ. ಅದು ಅವರ ಕಣ್ಣಿಗೆ ಬಿದ್ದಿದೆ. ತಮ್ಮ ಕೈಯನ್ನು ಕೋಟಿನ ಜೇಬಿಗಿಳಿಸಿ ಹಿಂದೆ ನಡೆಯುತ್ತಾರೆ.

ಇಂಥವರು ಪ್ರೀತಿಯಿಲ್ಲದವರೆಂದು ನಾನು ಹೇಳಲಾರೆ. ಜೀವವಿರುವವರು ಹೇಗೂ ಬದುಕಿಕೊಳ್ಳುತ್ತಾರೆಂಬ ಅಪಾರ ವಿಶ್ವಾಸದಲ್ಲಿ ತಮ್ಮ ಆರೈಕೆಯನ್ನೆಲ್ಲ ನಿರ್ಜೀವಕ್ಕೇ ಎರೆಯುವವರು ಇವರು. ಅವರ ಮನೆಯವರು ಬಯಸುವುದಾದರೋ ಅಂಥ ವಿಶ್ವಾಸವನ್ನಲ್ಲ, ತಮಗಾಗಿ ಒಂದಿಷ್ಟು ಗಾಬರಿಯನ್ನು.